ತಳದ ಮೀನಿಗೆ ಗಾಳ

ಬೆಂಗಳೂರಿನವನಿಗೂ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ನಗರವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಪಡುವಣ ಕಡಲಾಗಲಿ ಮೂಡಣ ಕಡಲಾಗಲಿ, ನೆಟ್ಟಗೆ ಅಳೆದರೂ ಸುಮಾರು 300 ಕಿಲೋಮೀಟರು ದೂರ. ಆದರೂ ಪ್ರತಿವರ್ಷ ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ, ಪೀಣ್ಯದ ಕಾರ್ಖಾನೆಗಳಲ್ಲಿಯೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಸೌಧಗಳಲ್ಲಿಯೂ ದುಡಿಯುವ ಕೆಲವು ಮಂದಿಗೆ ರಾತ್ರಿ ನಿದ್ದೆ ಹತ್ತದಾಗುತ್ತದೆ. ಉದ್ದನೆಯ ಚೀಲದಲ್ಲಿ ಗಾಳದ ಕೋಲುಗಳನ್ನು ಸುತ್ತಿಕೊಂಡು ಶುಕ್ರವಾರ ಸಂಜೆ ರೈಲು ಹತ್ತುವ ಈ ಜನರನ್ನು ಸಹಪ್ರಯಾಣಿಕರು ಸರ್ವೇ ಇಲಾಖೆಯವರೆಂದು ಭಾವಿಸುವುದುಂಟು. ಇವರು ಹೊರಟಿರುವುದು ಕಡಲಿಗೆ. ಅದರಲ್ಲಿಯೂ ಮೇಲುನೀರಿನಲ್ಲಿ ಮೆರೆಯುವ ಬಂಗುಡೆ, ಅಂಜಲುಗಳಿಗಲ್ಲ, ತಳದ ಬಂಡೆಗಳ ಸಂದಿಯಲ್ಲಿ ಮುಖ ಮರೆಸಿಕೊಂಡಿರುವ ಮೀನುಗಳಿಗೆ.

ಈ ಮೂರು ಬಡಾವಣೆಗಳಿಗೂ ನೀರಿಗೂ ನಂಟಿರಲಿಲ್ಲವೆಂದು ತಿಳಿಯಬಾರದು. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ ಜನರಿಗಾಗಿ ಕೊಟ್ಟ ಭೂಮಿಯಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ಅದರ ಮಗ್ಗುಲಲ್ಲಿಯೇ ವರ್ತೂರು ಕೆರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿದಾಗ ಸುತ್ತಲೂ ಕೆರೆಬಯಲುಗಳೇ ಇದ್ದವು. ಕೆರೆಯ ಏರಿಯ ಮೇಲೆ ಕುಳಿತು ಎರೆಹುಳ ಚುಚ್ಚಿ ಗಾಳ ಹಾಕಿದವರು ಹಳೆಯ ತಲೆಮಾರಿನಲ್ಲಿ ಬೇಕಾದಷ್ಟು ಮಂದಿ. 2015 ಮತ್ತು 2017ರಲ್ಲಿ ಬೆಳ್ಳಂದೂರು ಕೆರೆಯ ನೀರಿನ ಮೇಲೆಯೇ ಬೆಂಕಿ ಹೊತ್ತಿಕೊಂಡ ಬಳಿಕ ಆ ಮಾತು ಎತ್ತುವುದಕ್ಕೆ ಸಂಕೋಚವಾಗುತ್ತದೆ. ಕಾವೇರಿಯ ಬಿಳಿಮೀನಿನ ಕಥೆಯೇ ಬೇರೆ. ಬೆಂಗಳೂರಿನ ಗಾಳಪ್ರಿಯರು 1972ರಲ್ಲಿ ಸಂಘ ಕಟ್ಟಿ ಆ ಮೀನಿನ ಕಾವಲಿಗೆ ನಿಂತರು. ಹಿಡಿದು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ನಾಡಿಗೆ ಪರಿಚಯಿಸಿದವರಲ್ಲಿ ಅವರೂ ಸೇರಿದ್ದಾರೆ. 2010ರ ದಶಕದ ಆದಿಯಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತುಹೋಯಿತು. ಕೆರೆ ಕೆಟ್ಟಿತು, ಹೊಳೆ ಮುಚ್ಚಿತು, ಉಳಿದದ್ದು ಕಡಲು.

ಯಶವಂತಪುರದ ನಿಲ್ದಾಣ ಪೀಣ್ಯದ ಬಾಗಿಲಲ್ಲೇ ಇದೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಉಡುಪಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ. ದೇಶದ ಸುಂದರ ರೈಲುದಾರಿಗಳಲ್ಲಿ ಅದೊಂದು. ಅದನ್ನು ಈ ಗಾಡಿ ನಡುರಾತ್ರಿಯಲ್ಲಿ ದಾಟುವುದರಿಂದ, ಕಿವಿಗೆ ಮಾತ್ರ ಸುರಂಗ, ಕಣ್ಣಿಗೆ ಕತ್ತಲೆ.

ನಾನು ಜೊತೆಗೂಡಿದ ತಂಡದಲ್ಲಿ ಮೂವರಿದ್ದರು. ಒಬ್ಬರು ಪೀಣ್ಯದಲ್ಲಿ ಲೇತ್ ಯಂತ್ರಗಳ ಸಣ್ಣ ಕಾರ್ಖಾನೆಯ ಮೇಸ್ತ್ರಿ; ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಣಕಯಂತ್ರದ ಕೆಲಸದವರು; ಮೂರನೆಯವನು ವೈಟ್‌ಫೀಲ್ಡಿನ ತರುಣ, ಕಡಲನ್ನು ಚಲನಚಿತ್ರದಲ್ಲಲ್ಲದೆ ಬೇರೆಲ್ಲೂ ಕಂಡವನಲ್ಲ. ಎರಡನೆಯವರ ಬಳಿ ಬೆಲೆಬಾಳುವ ಕೋಲು, ರಾಟೆಗಳಿದ್ದವು. ಮೇಸ್ತ್ರಿಯ ಚೀಲದಲ್ಲಿದ್ದುದು ಬಹುಮಟ್ಟಿಗೆ ಸೀಸ. ಭಾನುವಾರಗಳಂದು ತಾವೇ ಅಚ್ಚು ಕೊರೆದು ಎರಕ ಹೊಯ್ದ ಗುಂಡುಗಳು, 100 ಗ್ರಾಮಿನಿಂದ ಹಿಡಿದು ಅರ್ಧ ಕಿಲೋದವರೆಗೆ, ಹಳೆಯ ಅಕ್ಕಸಾಲಿಗನ ತೂಕದ ಬಟ್ಟುಗಳಂತೆ ಬಟ್ಟೆಯಲ್ಲಿ ಒಪ್ಪವಾಗಿ ಸುತ್ತಿಟ್ಟಿದ್ದವು. ತಳದ ಮೀನಿನ ಬೇಟೆಯಲ್ಲಿ ಕೋಲಿಗಿಂತ ಸೀಸವೇ ದೊಡ್ಡದು. ಸೆಳೆತದ ನೀರಿನಲ್ಲಿ ಗಾಳ ತಳ ಮುಟ್ಟದಿದ್ದರೆ ಬೆಲೆಬಾಳುವ ಕೋಲು ಕೊಡೆಯ ಕಡ್ಡಿಗೆ ಸಮಾನ.

ಮಲ್ಪೆ ಬಂದರು ಎಚ್ಚರಗೊಳ್ಳುವುದೆಂಬ ಮಾತಿಲ್ಲ, ಅದು ಮಲಗುವುದೇ ಇಲ್ಲ. ಉದ್ಯಾವರದ ಹೊಳೆ ಕಡಲನ್ನು ಸೇರುವೆಡೆಯಲ್ಲಿ ನೂರಾರು ಟ್ರಾಲ್ ದೋಣಿಗಳೂ ಪರ್ಸೀನ್ ದೋಣಿಗಳೂ ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತವೆ. ಮಂಜುಗಡ್ಡೆ ಪುಡಿಮಾಡುವ ಸದ್ದು, ಹೆಂಗಸರ ಬುಟ್ಟಿಗಳ ಸಾಲು, ತಲೆಯ ಮೇಲೆ ಗರುಡಗಳ ಸುತ್ತಾಟ. ಇವೆಲ್ಲವುಗಳ ಮಗ್ಗುಲಿನಲ್ಲಿ, ತಾಯಿಯ ಸೆರಗು ಹಿಡಿದ ಮಗುವಿನಂತೆ, ನಮಗಾಗಿ ಕಾದಿದ್ದದ್ದು ಫೈಬರಿನ ಒಂದು ನಾಡದೋಣಿ. ಹಿಂದುಗಡೆ ಎಂಜಿನು, ಮುಂದುಗಡೆ ಒಂದು ಮಂಜುಗಡ್ಡೆಯ ಪೆಟ್ಟಿಗೆ. ದೋಣಿಯ ತಾಂಡೇಲರು ಐವತ್ತು ದಾಟಿದ ಮೊಗವೀರರು. ಇಡೀ ದಿನದ ಬಾಡಿಗೆ ಮೊದಲೇ ಮಾತಾಗಿತ್ತು. ಅದಕ್ಕೆ ಒಂದು ಕಟ್ಟಳೆಯೂ ಸೇರಿತ್ತು: ಬಂದವರಿಗೆ ಊಟಕ್ಕೆ ಬೇಕಾದಷ್ಟು ಮೀನು, ಅದಕ್ಕಿಂತ ಮೇಲೆ ಸಿಕ್ಕಿದ್ದೆಲ್ಲ ದೋಣಿಗೆ. ಈ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ದೋಣಿ ಹತ್ತುವ ಮೊದಲು ಅವರು ನಾಲ್ಕು ರಕ್ಷಾಕವಚಗಳನ್ನು ನಮ್ಮ ಮುಂದೆ ಎಸೆದರು. ವೈಟ್‌ಫೀಲ್ಡಿನ ತರುಣ, "ಈಜು ಬರುತ್ತೆ ಅಣ್ಣ, ಬೇಡ" ಎಂದ. "ಬರುವವರೇ ಹೆಚ್ಚು ಹೋದದ್ದು ಮಾರಾಯ್ರೆ, ಕಟ್ಟಿಕೊಳ್ಳಿ" ಎಂದು ಉತ್ತರ ಬಂತು. ಅದು ಬರಿಯ ಮಾತಲ್ಲ. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣದ ಕಡಲತಳದಲ್ಲಿ ಕಂಡುಹಿಡಿಯಿತು. ಆ ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಿತಿಮೀರಿ ಜನರನ್ನು ಹೊತ್ತು ಮಗುಚಿ 16 ಜನ ನೀರುಪಾಲಾದರು. ಬಾಡಿಗೆಯ ದೋಣಿ ಹತ್ತುವವನು ಮೀನಿನ ವಿಚಾರ ಕೇಳುವ ಮೊದಲು ದೋಣಿಯ ನೋಂದಣಿ, ಕವಚ, ಜನರ ಲೆಕ್ಕ ಇವನ್ನು ಕೇಳಬೇಕು. ಕೇಳಿದರೆ ಮುನಿಯುವ ತಾಂಡೇಲರ ದೋಣಿಯನ್ನು ಹತ್ತಬಾರದು.

ಅಳಿವೆ ದಾಟುವಾಗ ಬಲಕ್ಕೆ ತೋನ್ಸೆಪಾರ್ ದ್ವೀಪಗಳು ಕಂಡವು. ವಾಸ್ಕೋಡಗಾಮನ ಕಥೆಯಿಂದ ಸೇಂಟ್ ಮೇರಿಯ ಹೆಸರು ಹೊತ್ತಿರುವ ಆ ಕಲ್ಲುಕಂಬಗಳ ನಿಜವಾದ ಕಥೆ ಇನ್ನೂ ಹಳೆಯದು. ಸುಮಾರು 880 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿದ ಲಾವಾ ಅದು. ಅಂಥದೇ ಕಲ್ಲು ನೀರಿನಡಿಯಲ್ಲಿಯೂ ಅಲ್ಲಲ್ಲಿ ತಲೆಯೆತ್ತಿದೆ. ನಾವು ಹೊರಟಿದ್ದು ಅಂಥ ಒಂದು ಕಲ್ಲಿಗೆ.

ಕಡಲ ಮೇಲೆ ಗುರುತಿನ ಕಂಬಗಳಿಲ್ಲ. ಆದರೂ ನೀರಿನಡಿಯ ಒಂದು ಬಂಡೆಯ ಮೇಲೆ ದೋಣಿಯನ್ನು ತಂದು ನಿಲ್ಲಿಸುವ ವಿದ್ಯೆ ಇಲ್ಲಿನವರಿಗೆ ತಲೆಮಾರುಗಳಿಂದ ಬಂದಿದೆ. ದಡದ ಒಂದು ಗುರುತನ್ನು ಅದರ ಹಿಂದಿನ ಘಟ್ಟದ ಶಿಖರಕ್ಕೆ ಹೊಂದಿಸಿ ಒಂದು ಗೆರೆ. ತೆಂಕಣದಲ್ಲಿ 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭವನ್ನು ಇನ್ನೊಂದು ಗುರುತಿಗೆ ಹೊಂದಿಸಿ ಮತ್ತೊಂದು ಗೆರೆ. ಎರಡೂ ಕೂಡಿದೆಡೆ ಕಲ್ಲು. ಈಗ ಉಪಗ್ರಹ ನೋಡಿ ಜಾಗ ತೋರುವ ಪೆಟ್ಟಿಗೆಯೂ, ತಳದ ಚಿತ್ರ ಬರೆಯುವ ಯಂತ್ರವೂ ಬಂದಿವೆ. ನಮ್ಮ ತಾಂಡೇಲರ ಬಳಿ ಪೆಟ್ಟಿಗೆಯಿತ್ತು. ಅದನ್ನು ನೋಡಿದ ಮೇಲೆ ಅವರು ದಡವನ್ನೂ ಒಮ್ಮೆ ನೋಡುತ್ತಿದ್ದರು, ಬಟವಾಡೆಯ ಹಣವನ್ನು ಇನ್ನೊಮ್ಮೆ ಎಣಿಸುವವರಂತೆ.

ಈ ಬೇಟೆಗೆ ಚೈತ್ರವೇ ಏಕೆಂದು ಕೇಳಬಹುದು. ಚಳಿಗಾಲದ ಬಡಗಣ ಗಾಳಿ ತಗ್ಗಿ, ಮುಂಗಾರಿನ ಅಲೆ ಏಳುವ ಮೊದಲು, ಮಾರ್ಚಿಯಿಂದ ಮೇ ನಡುವಿನವರೆಗೆ ಬೆಳಗಿನ ಕಡಲು ಎಣ್ಣೆ ಸವರಿದ ಹಲಗೆಯಂತಿರುತ್ತದೆ. ಮಧ್ಯಾಹ್ನದ ಗಾಳಿ ಹುಟ್ಟುವುದರೊಳಗೆ ಕೆಲಸ ಮುಗಿಸಬಹುದು. ಇದಕ್ಕಿಂತ ಆಳದ ಕಾರಣವೂ ಒಂದಿದೆ. ಮುಂಗಾರು ಬಲಿತಾಗ ನಮ್ಮ ಪಡುವಣ ಕಡಲಿನಲ್ಲಿ ಆಳದ ತಣ್ಣೀರು ಮೇಲೆದ್ದು ದಡದತ್ತ ಹರಡುತ್ತದೆ. ಆ ನೀರಿನಲ್ಲಿ ಸಾರ ಹೆಚ್ಚು, ಪ್ರಾಣವಾಯು ಬಹಳ ಕಡಿಮೆ. ಅದರ ಸಾರದಿಂದಲೇ ಬೂತಾಯಿ, ಬಂಗುಡೆಗಳ ಸಮೃದ್ಧಿ. ಅದರ ಉಸಿರುಗಟ್ಟಿನಿಂದಲೇ ತಳದ ಮೀನಿನ ವಲಸೆ. ಒಂದೇ ನೀರು ಮೇಲಿನವರಿಗೆ ಔತಣ, ಕೆಳಗಿನವರಿಗೆ ಬಹಿಷ್ಕಾರ. ಆದ್ದರಿಂದ ಚೈತ್ರ ವೈಶಾಖಗಳಲ್ಲಿ ಬಂಡೆಯ ಮೀನು ಇನ್ನೂ ಮನೆಯಲ್ಲಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೆ ಕಡಲು ನಿಷಿದ್ಧ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನಿನ ನಾಡದೋಣಿಗಳಿಗೆ ವಿನಾಯಿತಿಯುಂಟು. ಆದರೆ ಆಗಿನ ಅಲೆಗೆ ಪಟ್ಟಣದವರನ್ನು ಕೂರಿಸಿಕೊಂಡು ಹೋಗುವ ಬುದ್ಧಿವಂತನಿಲ್ಲ.

ಇಪ್ಪತ್ತು ಮಾರು ಆಳದಲ್ಲಿ ಲಂಗರು ಬಿತ್ತು. ಮಾರು ಎಂದರೆ ಚಾಚಿದ ಎರಡು ತೋಳುಗಳ ಉದ್ದ. ಕಡಲಿನವರ ಲೆಕ್ಕ ಇನ್ನೂ ಅದೇ. ಗಾಳಕ್ಕೆ ಬೊಂಡಾಸಿನ ತುಂಡು ಚುಚ್ಚಿದೆವು. ಸಿಗಡಿಯ ಆಸೆ ಮೀನಿಗೆ ಹೆಚ್ಚು, ಆದರೆ ಸಣ್ಣ ಮೀನುಗಳೇ ಅದನ್ನು ಕಿತ್ತು ಮುಗಿಸುತ್ತವೆ; ಬೊಂಡಾಸಿನ ಗಟ್ಟಿ ಮಾಂಸ ಗಾಳ ಬಿಟ್ಟು ಕದಲದು. ಮೊದಲು ಬಂದದ್ದು ರಾಣಿಮೀನು, ನಸುಗೆಂಪು ಮೈ, ಬಾಲದ ತುದಿಯಲ್ಲಿ ಎಳೆ. ಟ್ರಾಲ್ ಬಲೆಯಲ್ಲಿ ಟನ್ನುಗಟ್ಟಲೆ ಬಂದು ಕಾರ್ಖಾನೆಯಲ್ಲಿ ಅರೆದು ಹಿಟ್ಟಾಗಿ ಪರದೇಶಕ್ಕೆ ಹೋಗುವ ಬಡಪಾಯಿ ರಾಣಿ ಅದು. ಆಮೇಲೆ ಒಂದು ತೇಡೆ. ಅದರ ಬೆನ್ನಿನ ಮುಳ್ಳಿಗೆ ಹೆದರಿ ತಾಂಡೇಲರ ಹೊರತು ಯಾರೂ ಕೈಹಾಕಲಿಲ್ಲ. ಬಂಡೆ ಮುಗಿದು ಮರಳು ಶುರುವಾಗುವಲ್ಲಿ ವೈಟ್‌ಫೀಲ್ಡಿನ ತರುಣನ ಗಾಳಕ್ಕೆ ನಂಗು ಬಿತ್ತು. ಎರಡೂ ಕಣ್ಣು ಒಂದೇ ಮಗ್ಗುಲಿಗಿರುವ ಆ ಚಪ್ಪಟೆ ಮೀನನ್ನು ಕಂಡು ಅವನು ಅದಕ್ಕೇನೋ ಅಪಘಾತವಾಗಿದೆಯೆಂದು ಮರುಗಿದ. ನಂಗಿನ ಮರಿ ಹುಟ್ಟುವಾಗ ಎಲ್ಲ ಮೀನಿನಂತೆಯೇ ನೆಟ್ಟಗಿರುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದರ ನೆರೆಗೆ ಬರುತ್ತದೆ, ಮೀನು ಮರಳಿನ ಮೇಲೆ ಪವಡಿಸುತ್ತದೆ.

ಇದೇ ನಂಗಿನ ದೈತ್ಯ ದಾಯಾದಿ ಉತ್ತರ ಪೆಸಿಫಿಕ್ಕಿನ ಹ್ಯಾಲಿಬಟ್. ಅಲಾಸ್ಕಾದಲ್ಲಿ ವಸಂತ ಬಂತೆಂದರೆ ಬಾಡಿಗೆ ದೋಣಿಗಳಲ್ಲಿ ಜನ ಅದರ ಬೇಟೆಗೆ ಹೊರಡುತ್ತಾರೆ. ಅಲ್ಲಿನವರು ಅದನ್ನು ಬೇಕಾಬಿಟ್ಟಿ ಹಿಡಿದು ಮುಗಿಸುವ ಹಂತಕ್ಕೆ ಬಂದು, 1923ರಲ್ಲಿ ಅಮೆರಿಕ, ಕೆನಡಾಗಳು ಒಪ್ಪಂದ ಮಾಡಿಕೊಂಡು ಚಳಿಗಾಲದ ಮೂರು ತಿಂಗಳು ಬೇಟೆ ನಿಲ್ಲಿಸಿದವು; ಆಗ ಹುಟ್ಟಿದ ಆಯೋಗ ಈಗಲೂ ವರ್ಷವರ್ಷ ಮಿತಿ ಗೊತ್ತುಪಡಿಸುತ್ತದೆ. ಎರಡು ದೇಶಗಳು ಒಂದು ಮೀನಿಗಾಗಿ ನೂರು ವರ್ಷ ಕೂತು ಲೆಕ್ಕ ಬರೆಯುವುದು ಸಣ್ಣ ಸಂಗತಿಯಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿಯವರ ಕೋಲು ದೋಣಿಯ ಅಂಚಿಗೆ ಬಡಿಯಿತು. "ಎತ್ತಿ, ಎತ್ತಿ! ಮನೆಗೆ ಹೋಗಲು ಬಿಡಬೇಡಿ!" ಎಂದು ತಾಂಡೇಲರು ಕೂಗಿದರು. ಮುರುಮೀನಿನ ಯುದ್ಧವೆಲ್ಲ ಮೊದಲ ನಾಲ್ಕು ಮಾರಿನಲ್ಲಿಯೇ. ಕಚ್ಚಿದೊಡನೆ ಅದು ತನ್ನ ಗುಹೆಗೆ ನುಗ್ಗಿ ಕಿವಿರುಗಳನ್ನು ಅರಳಿಸಿ ಬಂಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ದಾರ ಹರಿಯಬೇಕೇ ಹೊರತು ಮೀನು ಹೊರಡದು. ಇವರು ಬಿಡಲಿಲ್ಲ. ಹತ್ತು ನಿಮಿಷದಲ್ಲಿ ಕಂದು ಚುಕ್ಕೆಯ, ಅಗಲ ಬಾಯಿಯ, ಹನ್ನೆರಡು ಕಿಲೋಗಿಂತ ಕಡಿಮೆಯಿಲ್ಲದ ಮುರು ನೀರಿನ ಮೇಲೆ ಬಂತು. ಬಂದದ್ದು ಹೊಟ್ಟೆ ಮೇಲಾಗಿ. ಅದರ ಬಾಯಿಯಿಂದ ಜಠರವೇ ಗುಳ್ಳೆಯಂತೆ ಹೊರಚಾಚಿತ್ತು.

ಇಪ್ಪತ್ತು ಮಾರು ಆಳದಲ್ಲಿ ನೀರಿನ ಒತ್ತಡ ಮೇಲಿನದರ ನಾಲ್ಕೂವರೆಯಷ್ಟು. ಮೀನಿನ ಹೊಟ್ಟೆಯಲ್ಲಿರುವ ಗಾಳಿಯ ಚೀಲ ಆ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ. ಅವಸರವಾಗಿ ಮೇಲೆ ತಂದರೆ ಗಾಳಿ ನಾಲ್ಕೂವರೆ ಪಟ್ಟು ಹಿಗ್ಗಿ ಒಳಗಿನದನ್ನೆಲ್ಲ ಹೊರಗೆ ದಬ್ಬುತ್ತದೆ. ನಂಗಿಗೂ ತೊರಕೆಗೂ ಇಂಥ ಚೀಲವಿಲ್ಲವಾದ್ದರಿಂದ ಅವುಗಳಿಗೆ ಈ ಸಂಕಟವಿಲ್ಲ. ಆದರೆ ಮುರುವನ್ನು 'ಬಿಟ್ಟೆ' ಎಂದು ಸಮಾಧಾನದಿಂದ ನೀರಿಗೆ ಎಸೆದರೆ, ಅದು ಮುಳುಗಲಾರದೆ ತೇಲುತ್ತ ಗರುಡನ ಪಾಲಾಗುತ್ತದೆ. ಕಾವೇರಿಯಲ್ಲಿ ಕಲಿತ ಪುಣ್ಯ ಕಡಲಿನಲ್ಲಿ ಪಾಪವಾಗುವುದು ಹೀಗೆ.

"ಇದನ್ನು ಬಿಡೋಣ" ಎಂದರು ಹಿಡಿದವರು. ಅವರ ವಾದ ತಪ್ಪಾಗಿರಲಿಲ್ಲ. ಮುರುವಿನ ಜಾತಿಯ ಮೀನುಗಳು ಸಾಮಾನ್ಯವಾಗಿ ಹೆಣ್ಣಾಗಿ ಬೆಳೆದು, ದೊಡ್ಡವಾದ ಮೇಲೆ ಗಂಡಾಗುತ್ತವೆ. ಒಂದು ಬಂಡೆಯ ದೊಡ್ಡ ಮೀನನ್ನೇ ಆರಿಸಿ ತೆಗೆದರೆ ಆ ಬಂಡೆಯ ಸಂತಾನಕ್ಕೇ ಕೊಡಲಿ ಪೆಟ್ಟು. ಇವುಗಳ ಪೈಕಿ ಎಲ್ಲಕ್ಕೂ ಹಿರಿದಾದ ಜಾತಿಯನ್ನು, ಇನ್ನೂರು ಕಿಲೋ ಮೀರಿ ಬೆಳೆಯಬಲ್ಲ ಆ ದೈತ್ಯನನ್ನು, 2001ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆಯ ಪಟ್ಟಿಗೇ ಸೇರಿಸಿದ್ದಾರೆ. ನಮ್ಮದು ಆ ಜಾತಿಯಲ್ಲ. ಇಟ್ಟುಕೊಂಡರೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ.

ತಾಂಡೇಲರ ಮುಖ ಕಪ್ಪಿಟ್ಟಿತು. "ಫೋಟೋ ತೆಗೆದಾಯಿತಲ್ಲ, ಇನ್ನು ನಿಮಗೆ ಬೇಡ. ಊಟಕ್ಕೆ ಮಿಕ್ಕಿದ್ದು ದೋಣಿಗೆ ಅಂತ ಮಾತು. ಅದು ನೀರಿಗೆ ಹೋದರೆ ನೀವು ಬಿಟ್ಟದ್ದು ಮೀನಲ್ಲ ಮಾರಾಯ್ರೆ, ನನ್ನ ಎರಡು ದಿನದ ಸೀಮೆಎಣ್ಣೆ" ಎಂದರು.

ದೋಣಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಾಳದ ಮುರುವಿಗೆ ಬಲೆಯ ಮುರುವಿಗಿಂತ ಹೆಚ್ಚು ಬೆಲೆ. ಉಸಿರಿರುವಾಗಲೇ ಮಂಜಿಗೆ ಸೇರಿದ ಮಾಂಸ ಕೆಟ್ಟಿರುವುದಿಲ್ಲ. ತಿಂಗಳ ಸಂಬಳ ಬರುವವನ ದಯೆಯ ಖರ್ಚನ್ನು ದಿನದ ದುಡಿಮೆಯವನು ತೆರಬೇಕೆಂಬುದು ನ್ಯಾಯವೆಂದು ನನಗೆ ತೋರಲಿಲ್ಲ. ಬಂಡೆಯ ಮೇಲೆ ಮೀನು ಕಡಿಮೆಯಾದದ್ದಕ್ಕೆ ಈ ಗಾಳದವರು ಕಾರಣರಲ್ಲವೆಂಬುದನ್ನೂ ಹೇಳಬೇಕು. 1952ರಲ್ಲಿ ಸಹಿಯಾದ ಭಾರತ ನಾರ್ವೆ ಯೋಜನೆ ಕೊಲ್ಲಮಿನ ನೀಂಡಕರೆಯಲ್ಲಿ ಯಂತ್ರದ ದೋಣಿಗಳ ಕೆಲಸ ಆರಂಭಿಸಿ, 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಆ ಕಾಲದಿಂದ ತಳ ಗುಡಿಸುವ ಟ್ರಾಲ್ ಬಲೆ ಈ ಕರಾವಳಿಯಲ್ಲಿ ಹಬ್ಬಿತು. ಸಿಗಡಿಗೆ ಪರದೇಶದ ಹಣ ಸುರಿಯಿತು. ಹಗ್ಗ ಎಳೆಯಲು ಊರಿಗೆ ಊರೇ ಕೂಡುತ್ತಿದ್ದ ರಂಪಣಿ, 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ಮೂಲೆಗೆ ಸರಿಯಿತು. ಬಲೆ ಹರಿಯುವ ಭಯವಿರುವುದರಿಂದ ಟ್ರಾಲಿನವರು ಬಂಡೆಯ ಹತ್ತಿರ ಸುಳಿಯುವುದು ಕಡಿಮೆ. ತಳದ ಮೀನಿಗೆ ಉಳಿದಿರುವ ಕೋಟೆ ಅದೊಂದೇ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ದೀಪದ ಬೆಳಕಿಗೆ ಮೀನು ಸೆಳೆಯುವುದನ್ನೂ, ಎರಡು ದೋಣಿಗಳ ನಡುವೆ ಬಲೆ ಕಟ್ಟಿ ಎಳೆಯುವುದನ್ನೂ ನಿಷೇಧಿಸಿತು. ಆದೇಶ ಹೊರಟಿತು, ಪಾಲನೆಯ ವಿಚಾರದಲ್ಲಿ ನಾಡದೋಣಿಯವರ ದೂರುಗಳು ನಿಂತಿಲ್ಲ.

ಮೌನ ಮುರಿದವರು ಪೀಣ್ಯದ ಮೇಸ್ತ್ರಿ. "ಮಾರ್ಕೆಟಿನಲ್ಲಿ ಇದಕ್ಕೆ ಇವತ್ತು ಎಷ್ಟು ಸಿಗುತ್ತೆ ತಾಂಡೇಲರೆ?" ಎಂದು ನೇರವಾಗಿ ಕೇಳಿದರು. ಅವರು ಒಂದು ಮೊತ್ತ ಹೇಳಿದರು. ಚೌಕಾಸಿಯಾಗಲಿಲ್ಲ, ಮೂವರೂ ಪಾಲು ಹಾಕಿ ಅಲ್ಲಿಯೇ ಎಣಿಸಿಕೊಟ್ಟರು. ಆಮೇಲೆ ಮೇಸ್ತ್ರಿ ಚೀಲದ ತಳದಿಂದ ಒಂದು ಕಿಲೋದ ಸೀಸದ ಗುಂಡನ್ನು ಹೊರತೆಗೆದರು. ಅದಕ್ಕೆ ಮುಳ್ಳು ತೇದ ಒಂದು ಗಾಳವನ್ನು ತಲೆಕೆಳಗಾಗಿ ಬೆಸೆದಿದ್ದರು. ಗಾಳವನ್ನು ಮೀನಿನ ಕೆಳತುಟಿಗೆ ಸಿಕ್ಕಿಸಿ ಗುಂಡಿನ ಭಾರದಿಂದ ಮೀನನ್ನು ತಳಕ್ಕೆ ಇಳಿಸುವುದು. ಇಳಿದಂತೆ ಒತ್ತಡ ಏರಿ ಹಿಗ್ಗಿದ ಗಾಳಿ ಕುಗ್ಗುತ್ತದೆ. ತಳದಲ್ಲಿ ಒಮ್ಮೆ ಜಗ್ಗಿದರೆ ಗಾಳ ಜಾರಿಬರುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ ಬಂಡೆಯ ಮೀನು ಹಿಡಿಯುವ ದೋಣಿಗಳು ಇಂಥ ಸಾಧನವನ್ನೋ ಗಾಳಿ ಬಿಡುವ ಸೂಜಿಯನ್ನೋ ಇಟ್ಟುಕೊಂಡಿರಲೇಬೇಕೆಂದು 2022ರಲ್ಲಿ ಅಮೆರಿಕದ ಕಾನೂನು ಜಾರಿಗೆ ಬಂದಿತ್ತು. ಮೇಸ್ತ್ರಿ ಚಿತ್ರ ನೋಡಿ ಲೇತಿನ ಮೇಲೆ ತಾವೇ ಮಾಡಿಕೊಂಡಿದ್ದರು. ಖರ್ಚು ಹಳೆಯ ಬ್ಯಾಟರಿಯ ಸೀಸವಷ್ಟೆ.

ತಾಂಡೇಲರೇ ಮೀನನ್ನು ತಮ್ಮ ಕೈಯಿಂದ ಇಳಿಸಿದರು. ದಾರವನ್ನು ಮಾರು ಮಾರಾಗಿ ಬಿಡುತ್ತ, ಬೆರಳಿನಿಂದ ಕೆಳಗಿನದನ್ನು ಕೇಳಿಸಿಕೊಳ್ಳುವವರಂತೆ ತಲೆ ಓರೆ ಮಾಡಿದ್ದರು. ಹದಿನೈದನೆಯ ಮಾರಿಗೆ, "ಒದ್ದಿತು" ಎಂದರು. ಇಪ್ಪತ್ತಕ್ಕೆ ಜಗ್ಗಿದರು; ಗುಂಡು ಹಗುರವಾಗಿ ಬಂತು. ತಮ್ಮ ತಂದೆಯ ಕಾಲದಲ್ಲಿ ಇದೇ ಕಲ್ಲಿನಿಂದ ಇಬ್ಬರು ಹೊರಲಾರದ ಮುರು ಬಂದದ್ದನ್ನು ಆಗ ಹೇಳಿದರು. ಆ ಹಣವನ್ನು ಎರಡು ಸಲ ಹಿಂದಕ್ಕೆ ಕೊಡಲು ನೋಡಿದರೆಂದೂ, ಮೇಸ್ತ್ರಿ ತೆಗೆದುಕೊಳ್ಳಲಿಲ್ಲವೆಂದೂ ಬರೆಯಬಹುದಾಗಿತ್ತು, ಹಾಗೇನೂ ಆಗಲಿಲ್ಲ. ಹಣ ಅವರ ಅಂಗಿಯ ಜೇಬಿನಲ್ಲಿಯೇ ಉಳಿಯಿತು, ಉಳಿಯತಕ್ಕದ್ದೇ. ಆದರೆ ಆ ಗುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಂಥದ್ದು ಇನ್ನೆರಡು ಮಾಡಿ ತರುತ್ತೀರಾ? ಬರುವವರೆಲ್ಲ ಫೋಟೋದವರೇ ಈಗ. ಮೀನಿನ ಕ್ರಯ ಮೊದಲೇ ಬಾಡಿಗೆಗೆ ಸೇರಿಸಿದರಾಯಿತು" ಎಂದರು. ಇದುವರೆಗೆ ಯಾವ ಕಚೇರಿಯೂ ಬರೆಯದ ನಿಯಮವೊಂದು ಆ ದೋಣಿಯ ಮಟ್ಟಿಗೆ ಅಲ್ಲಿ ಜಾರಿಗೆ ಬಂತು.

ಮಧ್ಯಾಹ್ನದ ಗಾಳಿ ಎದ್ದಾಗ ಲಂಗರು ಎತ್ತಿದೆವು. ಮಂಜಿನ ಪೆಟ್ಟಿಗೆಯಲ್ಲಿ ಹತ್ತೋ ಹನ್ನೆರಡೋ ರಾಣಿ, ಒಂದು ಕೆಂಬೇರಿ, ಆ ನಂಗು, ತೇಡೆ. ಪಡುಕೆರೆಯ ಒಂದು ಮನೆಯಲ್ಲಿ ಕೆಂಬೇರಿಯನ್ನು ಕೊಟ್ಟು ಗಸಿ ಮಾಡಿಸಿಕೊಂಡೆವು. ಹುಳಿ, ಮೆಣಸು, ತೆಂಗಿನಕಾಯಿಯ ಆ ಪಾಕವನ್ನು ವರ್ಣಿಸಿ ಘಟ್ಟದ ಮೇಲಿನ ವಾಚಕರಿಗೆ ನೋವು ಕೊಡಲಾರೆ. ನಂಗನ್ನು ತರುಣ ತಾನೇ ಹುರಿಸಿಕೊಂಡು ತಿಂದ. ಉಳಿದ ರಾಣಿಮೀನು ಸಂಜೆಯ ಹರಾಜಿಗೆ ಹೋಯಿತು; ಕೂಗಿದ ಹೆಂಗಸು ಬುಟ್ಟಿ ನೋಡಿ, "ಇಡೀ ದಿನಕ್ಕೆ ಇಷ್ಟೆಯಾ?" ಎಂದು ನಕ್ಕರು. ತಾಂಡೇಲರು ಏನೂ ಹೇಳದೆ, ಏಪ್ರಿಲ್ ಎರಡನೆಯ ಶನಿವಾರಕ್ಕೆ ಮೇಸ್ತ್ರಿಯ ಹೆಸರನ್ನು ತಮ್ಮ ಮೊಬೈಲಿನಲ್ಲಿ ಗುರುತು ಹಾಕಿಕೊಂಡರು.